ಸಾಹಸಿ ನಾಯಿಗಳ ಚಿತ್ರಪುಸ್ತಕದಲ್ಲಿ ನಗು ಎಲ್ಲಿಂದ ಬರಬೇಕು?

ಪ್ರಶ್ನೆ: ಹೊಸಹಾಳೆ

ನಾಲ್ಕರಿಂದ ಏಳು ವರ್ಷದ ಮಕ್ಕಳಿಗಾಗಿ ಒಂದು ಹಾಸ್ಯದ ಚಿತ್ರಪುಸ್ತಕವನ್ನು ಬರೆಯುತ್ತಿದ್ದೇನೆ. ಅದರ ನಾಯಕರು ಮೂರು ನಾಯಿಗಳು. ಭೀಮನು ಬೆಕ್ಕಿಗಿಂತ ತುಸುವೇ ದೊಡ್ಡವನಾದರೂ ಲೋಕದಲ್ಲಿ ತನ್ನಷ್ಟು ದೊಡ್ಡ ನಾಯಿ ಇನ್ನೊಂದಿಲ್ಲವೆಂದು ನಂಬಿದವನು. ಚುಕ್ಕಿಯು ಮೂಗು ಕರೆದ ಕಡೆಗೆಲ್ಲ ಹೋಗುವವಳು, ಹೋಗುತ್ತ ಹೋಗುತ್ತ ಹೊರಟ ಕೆಲಸವನ್ನೇ ಮರೆಯುವವಳು. ಗುಂಡನದು ಭಾರಿ ಮೈ. ಅವನು ಒಮ್ಮೆ ಕುಳಿತನೆಂದರೆ ಏಳಿಸುವುದು ಯಾರಿಂದಲೂ ಆಗದು. ರಾತ್ರಿಯೆಲ್ಲ ನಿದ್ದೆಗೆಡಿಸಿದ ಗುಡುಗು ಎಲ್ಲಿ ವಾಸವಾಗಿದೆಯೆಂದು ಪತ್ತೆಹಚ್ಚಿ, ಅದನ್ನು ಬೊಗಳಿ ಓಡಿಸಿ ಬರಬೇಕೆಂದು ಮೂವರೂ ಹೊರಡುತ್ತಾರೆ. ದಾರಿಯಲ್ಲಿ ಹೊಳೆ, ಗುಹೆ, ಒಣಹಾಕಿದ ಬಟ್ಟೆಗಳ ಸಾಲು, ಸಿಡುಕು ಸ್ವಭಾವದ ಒಂದು ಹೆಬ್ಬಾತು ಎದುರಾಗುತ್ತವೆ. ಯಾರೋ ಬಯಲಿನಲ್ಲಿ ಮರೆತುಹೋದ ಬುಟ್ಟಿಯಿಂದ ಗುಂಡನು ಇಡೀ ಚಾಕೊಲೇಟ್ ಕೇಕನ್ನು ತಿಂದು ಮುಗಿಸುತ್ತಾನೆ. ಬೆಟ್ಟದ ತುದಿಯಲ್ಲಿ ಒಂದು ಮುದಿ ಗೂಬೆಯು ಗುಡುಗು ಹುಟ್ಟುವ ಬಗೆಯನ್ನು ವಿವರಿಸುವಲ್ಲಿಗೆ ಕಥೆ ಮುಗಿಯುತ್ತದೆ.

ಹಸ್ತಪ್ರತಿಯಲ್ಲಿ ಈಗ ಸುಮಾರು 1,800 ಪದಗಳಿವೆ. ಅದನ್ನು ಓದಿದ ದೊಡ್ಡವರು ನಾನು ಬಯಸಿದ ಕಡೆಗಳಲ್ಲೆಲ್ಲ, ಅಂದರೆ ಮಾತಿನ ಚಮತ್ಕಾರವಿರುವ ಕಡೆಗಳಲ್ಲಿ, ನಕ್ಕರು. ಓದಿ ಹೇಳಿದಾಗ ಮಕ್ಕಳು ಮಾತ್ರ ಆ ಚಮತ್ಕಾರಗಳನ್ನು ಗಂಭೀರವಾಗಿ ಕೇಳಿಸಿಕೊಂಡು, ಗುಂಡನು ಹೊಳೆಯ ನಡುವೆ ಕುಳಿತು ಏಳಲೊಲ್ಲದ ಜಾಗದಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿ ನಾನು ಬರೆದಿರುವುದು ಎರಡೇ ಸಾಲು. ಜೊತೆಗಿದ್ದದ್ದು ಪೆನ್ಸಿಲಿನಲ್ಲಿ ಗೀಚಿದ ಒಂದು ಒರಟು ಚಿತ್ರ.

ಇಂಥ ಪುಸ್ತಕದಲ್ಲಿ ಹಾಸ್ಯದ ಹೊಣೆಯನ್ನು ಮಾತು ಹೊರಬೇಕೇ, ಚಿತ್ರ ಹೊರಬೇಕೇ ಎಂಬುದು ನನ್ನ ಮುಖ್ಯ ಪ್ರಶ್ನೆ. ನಾಯಿಗಳು ಮನುಷ್ಯರಂತೆ ಮಾತನಾಡಬಹುದೇ, ಇಷ್ಟು ಉದ್ದದ ಪಠ್ಯ ನಡೆಯುತ್ತದೆಯೇ, ಗೂಬೆಯ ಮುಕ್ತಾಯವು ಪಾಠದಂತೆ ಕೇಳಿಸುತ್ತದೆಯೇ ಎಂಬುದನ್ನೂ ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಗೆರೆಮನೆ

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವವನಾದ್ದರಿಂದ ನನ್ನ ಉತ್ತರದಲ್ಲಿ ಚಿತ್ರದ ಪಕ್ಷಪಾತವಿದ್ದೇ ಇರುತ್ತದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಓದಿರಿ. ಹಾಸ್ಯವು ಮಾತಿನಲ್ಲಿಯೂ ಇರುವುದಿಲ್ಲ, ಚಿತ್ರದಲ್ಲಿಯೂ ಇರುವುದಿಲ್ಲ. ಮಾತು ಹೇಳುವುದಕ್ಕೂ ಚಿತ್ರ ತೋರಿಸುವುದಕ್ಕೂ ತಾಳೆಯಾಗದಿದ್ದಾಗ ಅವೆರಡರ ನಡುವೆ ಅದು ಹುಟ್ಟುತ್ತದೆ. ನಿಮ್ಮ ಮಕ್ಕಳ ಗುಂಪು ಹೊಳೆಯ ಪುಟದಲ್ಲಿ ನಕ್ಕದ್ದು ಈ ಕಾರಣಕ್ಕೇ ಇರಬೇಕು, ಏಕೆಂದರೆ ಅಲ್ಲಿ ನೀವು ಎಲ್ಲವನ್ನೂ ಹೇಳಿಬಿಟ್ಟಿಲ್ಲ.

"ಭೀಮನಿಗೆ ಭಯವೆಂದರೇನೆಂದೇ ತಿಳಿಯದು" ಎಂದು ಪಠ್ಯ ಹೇಳಲಿ. ಚಿತ್ರದಲ್ಲಿ ಭೀಮನು ಗುಂಡನ ಹೊಟ್ಟೆಯ ಕೆಳಗೆ ಸೇರಿಕೊಂಡಿರಲಿ, ಅವನ ಬಾಲದ ತುದಿಯೊಂದೇ ಹೊರಗೆ ಕಾಣಲಿ. ಇನ್ನೂ ಓದಲು ಬಾರದ ಮಗು ಚಿತ್ರವನ್ನು ಓದುತ್ತಿರುತ್ತದೆ, ದೊಡ್ಡವರು ಅಕ್ಷರವನ್ನು ಓದುತ್ತಿರುತ್ತಾರೆ. ಕಥೆ ಹೇಳುವವನಿಗೆ ಗೊತ್ತಿಲ್ಲದ ಒಂದು ಸಂಗತಿ ತನಗೆ ಗೊತ್ತಾಗಿದೆ ಎಂದು ಆ ಕ್ಷಣದಲ್ಲಿ ಮಗುವಿಗೆ ಅರಿವಾಗುತ್ತದೆ, ಬೆರಳಿಟ್ಟು ತೋರಿಸಿ "ಸುಳ್ಳು, ಅವನು ಹೆದರಿದ್ದಾನೆ!" ಎಂದು ಕೂಗದೆ ಅದಕ್ಕೆ ಇರಲಾಗುವುದಿಲ್ಲ. ಅದೇ ವಾಕ್ಯಕ್ಕೆ "ಎನ್ನುತ್ತ ಅವನು ಗುಂಡನ ಹೊಟ್ಟೆಯ ಕೆಳಗೆ ಅಡಗಿಕೊಂಡನು" ಎಂದು ಸೇರಿಸಿ ನೋಡಿರಿ. ಮಗು ಮಾಡಬೇಕಾದ ಕೆಲಸವನ್ನು ನೀವೇ ಮಾಡಿದಂತಾಗುತ್ತದೆ, ನಗುವಿಗೆ ಉಳಿಯುವುದು ಏನೂ ಇಲ್ಲ. ಆದ್ದರಿಂದ ನಿಮ್ಮ ನಿರೂಪಕನು ನಗಿಸಲು ಹೊರಡಬಾರದು. ರಾಜರ ದಂಡಯಾತ್ರೆಯನ್ನು ಬಣ್ಣಿಸುವ ಆಸ್ಥಾನಪಂಡಿತನಷ್ಟು ಗಂಭೀರವಾಗಿರಬೇಕು. ಅವನು ಗಂಭೀರನಾದಷ್ಟೂ ಚಿತ್ರಕ್ಕೆ ಬಲ ಬರುತ್ತದೆ.

ಇದು ನಾನು ಕಂಡುಹಿಡಿದ ಉಪಾಯವೇನೂ ಅಲ್ಲ. 19ನೆಯ ಶತಮಾನದ ಇಂಗ್ಲಿಷ್ ಚಿತ್ರಕಾರ ರ‍್ಯಾಂಡಾಲ್ಫ್ ಕಾಲ್ಡೆಕಾಟ್ (1846–1886) ಹಳೆಯ ಶಿಶುಪ್ರಾಸಗಳಿಗೆ ಚಿತ್ರ ಬರೆಯುವಾಗ, ಪದ್ಯದಲ್ಲಿ ಇಲ್ಲದ ಕಥೆಗಳನ್ನು ಚಿತ್ರದಲ್ಲಿ ಸೇರಿಸುತ್ತಿದ್ದರು. ಇಂದಿನ ಚಿತ್ರಪುಸ್ತಕದ ಮೂಲಪುರುಷರಲ್ಲಿ ಅವರನ್ನು ಎಣಿಸುವುದು ಆ ಕಾರಣಕ್ಕೆ. ಅಮೆರಿಕದಲ್ಲಿ 1938ರಿಂದ ಚಿತ್ರಪುಸ್ತಕಗಳಿಗೆ ಕೊಡುತ್ತ ಬಂದಿರುವ ಪದಕವೂ ಅವರ ಹೆಸರಿನಲ್ಲಿದೆ.

ನಿಮ್ಮ ಕಥೆಗೆ ಹೊಂದುವ ಎರಡು ಉಪಾಯಗಳು ನನಗೆ ತೋರುತ್ತವೆ. ನಾಯಿಯ ಕಣ್ಣಿನಲ್ಲಿ ಬಣ್ಣವನ್ನು ಗುರುತಿಸುವ ಶಂಕುಕೋಶಗಳು ಎರಡೇ ಬಗೆಯವು, ನಮ್ಮಲ್ಲಿ ಮೂರು ಬಗೆಯವು. ನೀಲಿ ಮತ್ತು ಹಳದಿ ಅದಕ್ಕೆ ಚೆನ್ನಾಗಿ ತಿಳಿಯುತ್ತವೆ. ಕೆಂಪು ಮತ್ತು ಹಸಿರುಗಳ ನಡುವಿನ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ. ಚುಕ್ಕಿಯ ಕೆಂಪು ಚೆಂಡು ಮೊದಲ ಪುಟದಲ್ಲಿಯೇ ಹುಲ್ಲಿಗೆ ಬಿದ್ದು ಉರುಳಲಿ. ಅಲ್ಲಿಂದ ಮುಂದೆ ಪ್ರತಿ ಪುಟದ ಹಸಿರಿನಲ್ಲಿಯೂ ಅದು ಎಲ್ಲೋ ಒಂದು ಕಡೆ ಮಗುವಿಗೆ ಢಾಳಾಗಿ ಕಾಣುತ್ತಿರಲಿ, ಮೂರು ನಾಯಿಗಳು ಅದರ ಪಕ್ಕದಲ್ಲಿಯೇ ಹಾದುಹೋಗುತ್ತಿರಲಿ. ಪಠ್ಯದಲ್ಲಿ ಚೆಂಡಿನ ಸುದ್ದಿಯೇ ಬೇಡ. ಗಾಳಿ ತಿರುಗಿದ ಪುಟದಲ್ಲಿ ಚುಕ್ಕಿಯ ಮೂಗು ಅದನ್ನು ಕಂಡುಹಿಡಿದರೆ ಸಾಕು.

ಎರಡನೆಯದು ಪುಟ ತಿರುವುವಿಕೆಯ ಬಳಕೆ. ಕನ್ನಡ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬರುವುದು ಹಾಸ್ಯದ ಚಿತ್ರಪುಸ್ತಕಕ್ಕೆ ದೊಡ್ಡ ಅನುಕೂಲ. "ಭೀಮನು ಎದೆಯುಬ್ಬಿಸಿ, ಬಾಲವನ್ನು ನೆಟ್ಟಗೆ ನಿಲ್ಲಿಸಿ, ಗುಹೆಯ ಕತ್ತಲೆಯನ್ನು ದಿಟ್ಟಿಸಿ ನೋಡಿ, ಒಂದು ಕ್ಷಣವೂ ತಡಮಾಡದೆ" ಎಂದು ಬಲಪುಟ ಮುಗಿಯಬೇಕು. ಪುಟ ತಿರುವಿದರೆ "ಹಿಂದಕ್ಕೆ ಓಡಿದನು" ಎಂಬ ಎರಡೇ ಪದ, ಉಳಿದದ್ದೆಲ್ಲ ಧೂಳು. ಗುಡುಗಿನ ಕಥೆಗಂತೂ ಪುಟ ತಿರುವುವುದೇ ಅರ್ಥಪೂರ್ಣವಾದ ಕ್ರಿಯೆ, ಏಕೆಂದರೆ ಮಿಂಚು ಮೊದಲು ಕಾಣುತ್ತದೆ, ಗುಡುಗು ಆಮೇಲೆ ಕೇಳಿಸುತ್ತದೆ. ಮಿಂಚನ್ನು ಬಲಪುಟದಲ್ಲಿ ಹೊಳೆಯಿಸಿ, ಗುಡುಗನ್ನು ಮುಂದಿನ ಪುಟಕ್ಕೆ ಇಟ್ಟುಕೊಳ್ಳಿರಿ.

ಗೂಬೆಯನ್ನು ನಾನಾದರೆ ತೆಗೆದುಹಾಕುತ್ತೇನೆ. ಕಥೆಯುದ್ದಕ್ಕೂ ಎಲ್ಲರಿಗಿಂತ ಹೆಚ್ಚು ತಿಳಿದಿದ್ದ ಮಗುವನ್ನು ಅದು ಕೊನೆಯಲ್ಲಿ ತರಗತಿಯ ಬೆಂಚಿನ ಮೇಲೆ ಕೂರಿಸುತ್ತದೆ.

ಉತ್ತರ: ನಾಲ್ಕುಹೆಜ್ಜೆ

ನನ್ನ ಕೆಲಸ ನಾಯಿಗಳಿಗೆ ತರಬೇತಿ ಕೊಡುವುದು. ಪುಸ್ತಕ ರಚನೆಯ ವಿಷಯದಲ್ಲಿ ನಾನು ಹೊರಗಿನವನು. ಆದರೆ ಗೆರೆಮನೆಯವರು ಹೇಳಿದ "ತಾಳೆಯಾಗದಿರುವಿಕೆ"ಗೆ ಬೇಕಾದ ಸಾಮಗ್ರಿಯನ್ನು ನಿಜವಾದ ನಾಯಿಯ ಮೈಯೇ ಧಾರಾಳವಾಗಿ ಒದಗಿಸುತ್ತದೆ ಎಂಬುದನ್ನು ಸೇರಿಸಬೇಕೆನಿಸಿತು.

ಹೆದರಿದ ನಾಯಿಯು ಕಿವಿಯನ್ನು ತಲೆಗೆ ಅಂಟಿಸಿಕೊಳ್ಳುತ್ತದೆ, ಬಾಲವನ್ನು ಕಾಲುಗಳ ನಡುವೆ ಸೇರಿಸಿಕೊಳ್ಳುತ್ತದೆ, ಮುಖವನ್ನು ಬೇರೆ ಕಡೆಗೆ ತಿರುಗಿಸಿ ಕಣ್ಣಂಚಿನಿಂದ ನೋಡುತ್ತದೆ; ಆಗ ಕಣ್ಣಿನ ಬಿಳಿಯ ಭಾಗ ಅರ್ಧಚಂದ್ರದಂತೆ ಕಾಣುತ್ತದೆ. ತಿನ್ನಲು ಏನೂ ಇಲ್ಲದಿದ್ದರೂ ಮೂಗು ನೆಕ್ಕಿಕೊಳ್ಳುವುದು, ನಿದ್ದೆ ಬಾರದಿದ್ದರೂ ಆಕಳಿಸುವುದು ಅನೇಕ ವೇಳೆ ಕಳವಳದ ಗುರುತು. ಆಟಕ್ಕೆ ಕರೆಯುವ ನಾಯಿ ಮುಂಗಾಲುಗಳನ್ನು ಮೊಣಕೈವರೆಗೆ ನೆಲಕ್ಕೆ ಚಾಚಿ, ಹಿಂಭಾಗವನ್ನು ಮೇಲಕ್ಕೆತ್ತಿ ನಿಲ್ಲುತ್ತದೆ. ಭೀಮನ ಮಾತು ಒಂದನ್ನು ಹೇಳುವಾಗ ಅವನ ಬಾಲ ಇನ್ನೊಂದನ್ನು ಹೇಳಲಿ. ಅವನಿಗೆ ಮನುಷ್ಯರ ಹುಬ್ಬು, ಮನುಷ್ಯರ ಬಾಯಿ ಬರೆಯುವ ಅಗತ್ಯವೇ ಇಲ್ಲ. ಒಳಹುಬ್ಬನ್ನು ಮೇಲಕ್ಕೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಬಹಳ ಕ್ಷೀಣವಾಗಿದೆ ಎಂದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿದೆ. ನಾವು "ಪಾಪ" ಎಂದು ಕರಗುವ ಆ ನೋಟ ನಾಯಿಯ ಸ್ವಂತ ಆಸ್ತಿ.

ಮುಕ್ತಾಯದ ಬಗ್ಗೆ ಒಂದು ಸಲಹೆ. ಮನೆಬಾಗಿಲಿಗೆ ಅಂಚೆಯವರು ಬಂದಾಗ ನಾಯಿ ಬೊಗಳುತ್ತದೆ. ಅಂಚೆಯವರು ಕಾಗದ ಕೊಟ್ಟು ತಮ್ಮ ದಾರಿ ಹಿಡಿಯುತ್ತಾರೆ. ಅವರು ಹೇಗಿದ್ದರೂ ಹೋಗುವವರೇ. ಆದರೆ ನಾಯಿಯ ಲೆಕ್ಕದಲ್ಲಿ ಅವರನ್ನು ಓಡಿಸಿದ್ದು ತನ್ನ ಬೊಗಳು. ಮರುದಿನವೂ ಹಾಗೆಯೇ ಆಗುತ್ತದೆ, ನಾಯಿಯ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಬೊಗಳುವ ಅಭ್ಯಾಸವನ್ನು ಬಿಡಿಸುವುದು ಕಷ್ಟವಾಗಲು ಇದೂ ಒಂದು ಕಾರಣವೆಂದು ನಾವು ನಾಯಿ ಸಾಕಿದವರಿಗೆ ದಿನವೂ ವಿವರಿಸುತ್ತಿರುತ್ತೇವೆ. ನಿಮ್ಮ ಮೂವರು ವೀರರು ಬೆಟ್ಟದ ಮೇಲೆ ನಿಂತು ಗುಡುಗಿನತ್ತ ಬೊಗಳಲಿ. ಗುಡುಗು ತಾನಾಗಿಯೇ ದೂರ ಸರಿಯುತ್ತದೆ. ಅವರು ಗೆದ್ದು ಬರಲಿ! ನಿಜ ಏನೆಂಬುದು ಮಗುವಿಗೆ ಗೊತ್ತು, ನಾಯಿಗಳಿಗೆ ಎಂದೂ ಗೊತ್ತಾಗುವುದಿಲ್ಲ. ಗೂಬೆಗೆ ಅಲ್ಲಿ ಕೆಲಸವಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳುತ್ತೇನೆ: ಚಾಕೊಲೇಟ್ ಕೇಕ್ ಬೇಡವೇ ಬೇಡ. ಚಾಕೊಲೇಟಿನಲ್ಲಿರುವ ಥಿಯೋಬ್ರೋಮಿನ್ ಎಂಬ ವಸ್ತುವನ್ನು ನಾಯಿಯ ದೇಹ ಬಹಳ ನಿಧಾನವಾಗಿ ಹೊರಹಾಕುತ್ತದೆ. ಪ್ರಮಾಣ ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿಗಳೂ ನಾಯಿಗೆ ವಿಷವೇ. ಗುಂಡನು ಕೇಕ್ ತಿಂದು ಸಂತೋಷದಿಂದ ತೇಗುವ ಪುಟವನ್ನು ಮೆಚ್ಚಿದ ಮಗು ಮರುದಿನ ತನ್ನ ಪಾಲಿನ ಚಾಕೊಲೇಟನ್ನು ಮನೆಯ ನಾಯಿಗೆ ಪ್ರೀತಿಯಿಂದಲೇ ಕೊಡಬಹುದು. ಬುಟ್ಟಿಯಲ್ಲಿ ಕೇಕಿನ ಬದಲು ಯಾರದೋ ಚಪ್ಪಲಿ ಇರಲಿ. ಹಾಸ್ಯಕ್ಕೆ ಅದು ಕೇಕಿಗಿಂತ ಮೇಲು, ಮತ್ತು ಯಾವ ನಾಯಿಯೂ ಅದನ್ನು ನಿರಾಕರಿಸಿದ್ದನ್ನು ನಾನು ನೋಡಿಲ್ಲ.

ಅಂದಹಾಗೆ, ಸಾಹಸದ ಸಂಗತಿಗಳಿಗೆ ಕಲ್ಪನೆಯೊಂದನ್ನೇ ನೆಚ್ಚಿಕೊಳ್ಳಬೇಕಾಗಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಲ್ಬನಿ ಅಂಚೆ ಕಚೇರಿಯಲ್ಲಿ 1888ರ ಹೊತ್ತಿಗೆ ನೆಲೆಗೊಂಡ ಓನಿ ಎಂಬ ನಾಯಿಗೆ ಅಂಚೆಚೀಲಗಳ ಮೇಲೆ ಬಹಳ ಮೋಹ. ಚೀಲಗಳನ್ನು ಹಿಂಬಾಲಿಸಿ ರೈಲು ಹತ್ತುವುದು ಅದರ ರೂಢಿಯಾಯಿತು. 1895ರಲ್ಲಿ ರೈಲು, ಹಡಗುಗಳಲ್ಲಿ ಜಗತ್ತನ್ನೇ ಸುತ್ತಿಬಂತು. ಹೋದ ಕಡೆಯಲ್ಲೆಲ್ಲ ಜನರು ಅದರ ಕೊರಳಿಗೆ ಒಂದೊಂದು ಬಿಲ್ಲೆ ಕಟ್ಟುತ್ತಿದ್ದರು. ಅವುಗಳ ಭಾರ ಕೊರಳಿಗೆ ಹೆಚ್ಚಾದಾಗ, ಬಿಲ್ಲೆಗಳನ್ನು ತೂಗುಹಾಕಿಕೊಳ್ಳಲೆಂದೇ ಅದಕ್ಕೊಂದು ಮೈಪಟ್ಟಿಯನ್ನು ಹೊಲಿಸಿ ಕೊಟ್ಟರು. ನಿಮ್ಮ ಗುಂಡನಿಗೂ ಪ್ರತಿ ಪುಟದಲ್ಲಿ ಏನಾದರೊಂದು ಸಿಕ್ಕಿಹಾಕಿಕೊಳ್ಳುತ್ತ ಹೋಗಬಹುದು: ಹೊಳೆಯಲ್ಲಿ ಜೊಂಡು, ಬಟ್ಟೆಯ ಸಾಲಿನಲ್ಲಿ ಒಂದು ಕಾಲುಚೀಲ, ಹೆಬ್ಬಾತಿನಿಂದ ಎರಡು ಗರಿ. ಅದರ ಬಗ್ಗೆ ಯಾರೂ ಮಾತನಾಡಬಾರದು.

ಉತ್ತರ: ಕಥೆಯೋದು

ಗ್ರಂಥಾಲಯದಲ್ಲಿ ವಾರಕ್ಕೊಮ್ಮೆ ಮಕ್ಕಳಿಗೆ ಪುಸ್ತಕ ಓದಿ ಹೇಳುವ ಕೆಲಸ ನನ್ನದು. ಮೇಲಿನ ಇಬ್ಬರ ಮಾತುಗಳಲ್ಲಿ ಬಹುಪಾಲು ಒಪ್ಪಿಗೆಯೇ. ಆದರೆ ಚಿತ್ರಕ್ಕೆ ಎಲ್ಲವನ್ನೂ ಒಪ್ಪಿಸಿಬಿಡುವುದನ್ನು ನಾನು ಒಪ್ಪಲಾರೆ, ಏಕೆಂದರೆ ಹಿಂದಿನ ಸಾಲಿನಲ್ಲಿ ಕುಳಿತ ಮಗುವಿಗೆ ಗುಂಡನ ಹೊಟ್ಟೆಯ ಕೆಳಗಿನ ಬಾಲದ ತುದಿ ಕಾಣುವುದಿಲ್ಲ. ಆ ಮಗು ಪುಸ್ತಕವನ್ನು ಕಿವಿಯಿಂದ ಓದುತ್ತಿರುತ್ತದೆ. ಅದಕ್ಕೆ ಬೇಕಾದದ್ದು ಲಯ, ಸದ್ದು ಮತ್ತು ಮರಳಿ ಮರಳಿ ಬರುವ ಒಂದು ಸಾಲು.

ಸದ್ದಿನ ವಿಷಯದಲ್ಲಿ ಕನ್ನಡ ಶ್ರೀಮಂತವಾಗಿದೆ. ಚುಕ್ಕಿ ಮೂಸಮೂಸ ಮೂಸಿ ಹೋಗಬಹುದು, ಭೀಮ ಗುರ್ರೆಂದು ಆರಂಭಿಸಿ ಕುಂಯ್ ಎಂದು ಮುಗಿಸಬಹುದು, ಗುಂಡ ದೊಪ್ಪನೆ ಕುಳಿತುಕೊಳ್ಳಬಹುದು. "ದೊಪ್" ಎಂಬುದನ್ನು ಎಲ್ಲಿ ಬೇಕಾದರಲ್ಲಿ ಚೆಲ್ಲದೆ, ಗುಂಡನಿಗೆ ಮಾತ್ರ ಮೀಸಲಾಗಿಡಿರಿ. ಮೂರನೆಯ ಸಲ ಅದು ಬರುವ ಹೊತ್ತಿಗೆ ಮಕ್ಕಳು ನಿಮಗಿಂತ ಮೊದಲೇ ಅದನ್ನು ಹೇಳುತ್ತಾರೆ. ನಾಲ್ಕನೆಯ ಸಲ ಅವರೆಲ್ಲ "ದೊಪ್" ಎಂದು ಕೂಗಲು ಬಾಯಿ ತೆರೆದು ಕಾಯುತ್ತಿರುವಾಗ ಗುಂಡನು ಕುಳಿತುಕೊಳ್ಳದೆ ಓಡಿದರೆ, ಆ ನಗು ಓದುವ ಕೋಣೆಯ ಹೊರಗಿನವರೆಗೂ ಕೇಳಿಸುತ್ತದೆ. ಗುಡುಗು ಬಂದಾಗ ಅವನು ಓಡುವುದೇ ಅದಕ್ಕೆ ತಕ್ಕ ಜಾಗ.

ನಾಯಿಗಳು ಮಾತನಾಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಒಬ್ಬನು ಮಾತ್ರ ಮಾತನಾಡಲಿ. ಮೂವರೂ ಸಂಭಾಷಣೆಗೆ ತೊಡಗಿದರೆ ಅವರು ತುಪ್ಪಳ ಹೊದ್ದ ಮೂವರು ಹುಡುಗರಾಗಿಬಿಡುತ್ತಾರೆ, ನಾಯಿತನ ಉಳಿಯುವುದಿಲ್ಲ. ಬಡಾಯಿ ಕೊಚ್ಚಿಕೊಳ್ಳುವ ಭೀಮನಿಗೆ ಮಾತು ಬೇಕೇ ಬೇಕು, ಏಕೆಂದರೆ ಅವನ ಹಾಸ್ಯವಿರುವುದು ಅವನ ಮಾತಿಗೂ ಮೈಗೂ ಇರುವ ಜಗಳದಲ್ಲಿ. ಚುಕ್ಕಿಗೆ ಮೂಗಿದೆ, ಗುಂಡನಿಗೆ ತೂಕವಿದೆ. ಅವರಿಗೆ ಅಷ್ಟು ಸಾಕು.

ಭಾಷೆಯಲ್ಲಿ ಇನ್ನೊಂದು ಸಣ್ಣ ತೊಡಕಿದೆ. ಹೆಸರು ಹಿಡಿದು ಹೇಳುವಾಗ "ಭೀಮನು ಓಡಿದನು" ಎನ್ನುತ್ತೇವೆ, "ನಾಯಿ" ಎಂದಾಗ "ಓಡಿತು" ಎನ್ನುತ್ತೇವೆ. ಒಂದೇ ಪುಟದಲ್ಲಿ ಎರಡೂ ಬಂದರೆ ಇಬ್ಬರು ಓಡಿದರೆಂದು ಚಿಕ್ಕ ಮಕ್ಕಳು ತಿಳಿಯುವುದುಂಟು. ಮೂವರಿಗೂ ಹೆಸರಿನಿಂದಲೇ ಕೆಲಸ ಸಾಗಲಿ. "ಆ ಪುಟ್ಟ ನಾಯಿ" ಎಂಬ ವರ್ಣನೆ ಹೇಗೂ ಚಿತ್ರದಲ್ಲಿದೆ.

ನಾಲ್ಕುಹೆಜ್ಜೆಯವರ ಮುಕ್ತಾಯ ಬಹಳ ಚೆನ್ನಾಗಿದೆ. ಆದರೆ ಗುಡುಗಿಗೆ ನಿಜವಾಗಿಯೂ ಹೆದರುವ ಮಕ್ಕಳು ಕೇಳುವವರಲ್ಲಿ ಇದ್ದೇ ಇರುತ್ತಾರೆ ಎಂಬುದು ನೆನಪಿನಲ್ಲಿರಲಿ. ನಗುವುದು ಭೀಮನ ಬಡಾಯಿಗೆ ಆಗಬೇಕು, ಅವನ ಹೆದರಿಕೆಗೆ ಆಗಬಾರದು. ಗುಂಡನೂ ಚುಕ್ಕಿಯೂ ಹೆದರಿದರೆ, ಮತ್ತು ಹೆದರಿದ್ದನ್ನು ಯಾರೂ ಹಂಗಿಸದಿದ್ದರೆ, ಈ ವ್ಯತ್ಯಾಸ ತಾನಾಗಿಯೇ ಉಳಿಯುತ್ತದೆ.

ಉತ್ತರ: ಅಚ್ಚುಮೊಳೆ

ಉದ್ದದ ಪ್ರಶ್ನೆಗೆ ಮುದ್ರಣದ ಕಡೆಯಿಂದ ಒಂದು ಉತ್ತರ. ಚಿತ್ರಪುಸ್ತಕಗಳು ಬಹುಮಟ್ಟಿಗೆ 32 ಪುಟಗಳವು, ಏಕೆಂದರೆ ದೊಡ್ಡ ಹಾಳೆಯನ್ನು ಮಡಚಿ ಕತ್ತರಿಸಿದಾಗ 16 ಪುಟಗಳ ಫಾರಂ ಸಿಗುತ್ತದೆ, ಅಂಥ ಎರಡು ಫಾರಂಗಳು ಸೇರಿದರೆ ಒಂದು ಪುಸ್ತಕ. ಶೀರ್ಷಿಕೆ, ಹಕ್ಕುಸ್ವಾಮ್ಯ, ಅರ್ಪಣೆಗಳನ್ನು ಕಳೆದರೆ ಕಥೆಗೆ ಉಳಿಯುವುದು ಹನ್ನೆರಡರಿಂದ ಹದಿನಾಲ್ಕು ಜೋಡಿಪುಟಗಳು. 1,800 ಪದಗಳನ್ನು ಅಲ್ಲಿ ಹಂಚಿದರೆ ಪ್ರತಿ ಜೋಡಿಪುಟಕ್ಕೆ ನೂರಮೂವತ್ತರಿಂದ ನೂರೈವತ್ತು ಪದ ಬೀಳುತ್ತದೆ, ನಾಯಿಗಳಿಗೆ ನಿಲ್ಲಲು ಜಾಗವಿರುವುದಿಲ್ಲ. ಐನೂರರ ಆಸುಪಾಸಿಗೆ ಇಳಿಸಿರಿ. ಕನ್ನಡ ಅಕ್ಷರಗಳಿಗೆ ಕೆಳಗೆ ಒತ್ತು ಬರುವುದರಿಂದ ಸಾಲುಗಳ ನಡುವೆ ಹೆಚ್ಚು ಅಂತರ ಬೇಕಾಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಸೇರಿಸಿರಿ.

ಎಂಟು ಹಾಳೆಗಳನ್ನು ಒಟ್ಟಿಗೆ ನಡುವೆ ಮಡಚಿ ಹೊಲಿದರೆ 32 ಪುಟಗಳ ಮಾದರಿ ಪುಸ್ತಕ ಸಿದ್ಧವಾಗುತ್ತದೆ. ಪಠ್ಯವನ್ನು ಕತ್ತರಿಸಿ ಅದರಲ್ಲಿ ಅಂಟಿಸಿ ನೋಡದೆ ಪುಟದ ತಿರುವುಗಳನ್ನು ನಿರ್ಧರಿಸಬೇಡಿರಿ. ಯಾವ ನಾಯಿಯ ಮುಖವೂ ನಡುಮಡಿಕೆಯಲ್ಲಿ ಬೀಳದಂತೆ ನೋಡಿಕೊಳ್ಳಿರಿ, ಬೈಂಡಿಂಗ್ ಆದ ಮೇಲೆ ಮೂಗು ಒಳಗೆ ಹೋಗಿ ಕಣ್ಣುಗಳು ಮಾತ್ರ ಉಳಿಯುತ್ತವೆ. ಗುಂಡನ ಹೊಟ್ಟೆಯಾದರೆ ಮಡಿಕೆಯನ್ನು ದಾಟಿ ಹೋದರೂ ತೊಂದರೆಯಿಲ್ಲ.

ಮರುಬರಹ: ಹೊಸಹಾಳೆ

ಎಲ್ಲರಿಗೂ ಕೃತಜ್ಞತೆಗಳು. ಗೂಬೆಯನ್ನು ಬೀಳ್ಕೊಟ್ಟಿದ್ದೇನೆ, ಕೇಕಿನ ಜಾಗದಲ್ಲಿ ಚಪ್ಪಲಿ ಬಂದಿದೆ. ಮಾದರಿ ಪುಸ್ತಕವನ್ನು ಹೊಲಿದು ಪಠ್ಯವನ್ನು ಅಂಟಿಸಿದಾಗ ಬಿದ್ದುಹೋದದ್ದರಲ್ಲಿ ಹೆಚ್ಚಿನದು ನಾನು ಅತ್ಯಂತ ಪ್ರೀತಿಯಿಂದ ಬರೆದಿದ್ದ ಮಾತಿನ ಚಮತ್ಕಾರಗಳೇ. ಅವು ಹೋದ ಮೇಲೆ ಕಥೆ ಹಗುರಾಗಿ ನಡೆಯುತ್ತಿದೆ.

ಗೆರೆಮನೆಯವರು ಹೇಳಿದ ಮಿಂಚು–ಗುಡುಗಿನ ತಿರುವನ್ನು ಸ್ವಲ್ಪ ಬೆಳೆಸಿದ್ದೇನೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, ಒಂದು ಕಿಲೋಮೀಟರ್ ದೂರದ ಮಿಂಚಿನ ಗುಡುಗು ಕೇಳಿಸಲು ಸುಮಾರು ಮೂರು ಸೆಕೆಂಡು ಬೇಕು. ಇದನ್ನು ವಿವರಿಸುವ ಗೂಬೆ ಈಗ ಇಲ್ಲ, ಆದರೆ ಎಣಿಕೆ ಇದೆ. ಮಿಂಚು ಹೊಳೆದ ಪ್ರತಿ ಪುಟದಲ್ಲಿ ನಿರೂಪಕನು ಎಣಿಸುತ್ತಾನೆ, ಪುಟ ತಿರುವಿದಾಗ ಗುಡುಗು ಬರುತ್ತದೆ. ಬೆಟ್ಟವನ್ನು ಹತ್ತುವಾಗ ಅವನು ಒಂಬತ್ತರವರೆಗೆ ಎಣಿಸುತ್ತಾನೆ, ಮುಂದಿನ ಮಿಂಚಿಗೆ ಆರರವರೆಗೆ, ಅದರ ಮುಂದಿನದಕ್ಕೆ ಮೂರರವರೆಗೆ. ತುದಿಯಲ್ಲಿ ಎಣಿಸಲು ಸಮಯವೇ ಸಿಗುವುದಿಲ್ಲ. ಆ ಭಾಗದ ಪಠ್ಯ ಹೀಗಿದೆ:

*ಭೀಮನು ಗುಡುಗನ್ನು ಉದ್ದೇಶಿಸಿ, ಘನತೆಯಿಂದ, "ನಿನಗಿದೇ ಕೊನೆಯ ಎಚ್ಚರಿಕೆ" ಎಂದನು.*

(ಚಿತ್ರದಲ್ಲಿ ಭೀಮನ ಕಿವಿ ತಲೆಗೆ ಅಂಟಿದೆ, ನಾಲಗೆ ಮೂಗಿನ ಮೇಲಿದೆ, ಮೂರೂ ಬಾಲಗಳು ಕಾಣೆಯಾಗಿವೆ. ಗುಂಡನ ಮೈಮೇಲೆ ಜೊಂಡು, ಕಾಲುಚೀಲ, ಗರಿ, ಚಪ್ಪಲಿ.)

*ಒಂದು.*

*(ಪುಟ ತಿರುವು)*

*ಗುಡು ಗುಡು ಗುಡುಮ್! ಮೂವರು ವೀರರೂ ತಾವು ನಿಂತ ಸ್ಥಳದಿಂದ ಒಂದು ಹೆಜ್ಜೆಯನ್ನೂ ಹಿಂದಕ್ಕೆ*

*(ಪುಟ ತಿರುವು)*

*ಇಟ್ಟು ನಿಲ್ಲಲಿಲ್ಲ, ನೂರು ಹೆಜ್ಜೆ ಇಟ್ಟರು.*

ಅಲ್ಲಿಯೇ ಗುಂಡನು ಮೊದಲ ಸಲ ಓಡುವುದು. ಪೊದೆಯೊಳಗಿನಿಂದ ಮೂವರೂ ಬೊಗಳುತ್ತಾರೆ. ಮಿಂಚಿಗೂ ಗುಡುಗಿಗೂ ನಡುವಿನ ಎಣಿಕೆ ಈಗ ಮೂರಕ್ಕೆ ಏರುತ್ತದೆ, ಆರಕ್ಕೆ ಏರುತ್ತದೆ, ಒಂಬತ್ತಕ್ಕೆ ಏರುತ್ತದೆ. ಪ್ರತಿ ಸಲವೂ ಭೀಮನ ತಲೆ ಪೊದೆಯಿಂದ ಒಂದಿಷ್ಟು ಹೆಚ್ಚು ಹೊರಗೆ ಬರುತ್ತದೆ. ತಮ್ಮ ಬೊಗಳಿಗೆ ಗುಡುಗು ಓಡುತ್ತಿದೆಯೆಂದು ಅವರಿಗೆ ಪುರಾವೆಯೇ ಸಿಕ್ಕಂತಾಗುತ್ತದೆ. ಕೆಂಪು ಚೆಂಡು ಅದೇ ಪೊದೆಯ ಬುಡದಲ್ಲಿದೆ. ಚುಕ್ಕಿಯ ಮೂಗಿಗೆ ಅದು ಸಿಗುವುದು ಅಲ್ಲಿಯೇ.

ಒಂದು ವಿಷಯದಲ್ಲಿ ಮಾತ್ರ ನಿರ್ಧಾರಕ್ಕೆ ಬರಲಾಗುತ್ತಿಲ್ಲ. ಕೊನೆಯ ಪುಟದಲ್ಲಿ "ಅಂದಿನಿಂದ ಗುಡುಗು ಆ ಕಡೆಗೆ ತಲೆಹಾಕಲಿಲ್ಲ, ಮುಂದಿನ ಮಳೆಯವರೆಗೆ" ಎಂದು ಬರೆದಿದ್ದೇನೆ. ಕೊನೆಯ ಎರಡು ಪದಗಳನ್ನು ಉಳಿಸಬೇಕೇ, ತೆಗೆಯಬೇಕೇ?

ಉತ್ತರ: ಕಥೆಯೋದು

ಎಣಿಕೆಯನ್ನು ಯಾವ ಕಾರಣಕ್ಕೂ ಬಿಡಬೇಡಿರಿ. ಹಿಂದಿನ ಸಾಲಿನ ಮಗುವಿಗೆ ನಾನು ಕೇಳಿದ್ದು ಅದರಲ್ಲಿಯೇ ಸಿಕ್ಕಿತು. "ಹೆಜ್ಜೆ" ಪುಟದ ವಾಕ್ಯ ಮಾತ್ರ ಓದುವ ಬಾಯಿಗೆ ತೊಡರುತ್ತದೆ. ಕೇಳುವವರು "ಇಡಲಿಲ್ಲ" ಎಂಬುದನ್ನು ನಿರೀಕ್ಷಿಸುತ್ತಿರುವಾಗ "ಇಟ್ಟು ನಿಲ್ಲಲಿಲ್ಲ" ಎಂದರೆ ಅರ್ಥ ಬಿಡಿಸಿಕೊಳ್ಳುವಷ್ಟರಲ್ಲಿ ನಗುವಿನ ಹೊತ್ತು ಮೀರಿಹೋಗುತ್ತದೆ. "ಮೂವರು ವೀರರೂ ಒಬ್ಬರನ್ನೊಬ್ಬರು ನೋಡಿ, ಗಾಳಿಯ ವೇಗದಲ್ಲಿ, ನೇರವಾಗಿ" ಎಂದು ನಿಲ್ಲಿಸಿ, ಮುಂದಿನ ಪುಟದಲ್ಲಿ "ಪೊದೆಯೊಳಗೆ ನುಗ್ಗಿದರು" ಎಂದರೆ ಸಾಕು.

"ಮುಂದಿನ ಮಳೆಯವರೆಗೆ" ಎಂಬುದನ್ನು ತೆಗೆಯಿರಿ. ನಿರೂಪಕನಿಗೆ ನಿಜ ಗೊತ್ತಿದೆಯೆಂದು ಅದು ಬಯಲುಮಾಡುತ್ತದೆ, ಮಗುವಿಗೆ ಮಾತ್ರ ಗೊತ್ತಿದ್ದ ಗುಟ್ಟು ಎಲ್ಲರ ಪಾಲಾಗುತ್ತದೆ.

ಉತ್ತರ: ಗೆರೆಮನೆ

ಪದಗಳನ್ನು ತೆಗೆಯುವುದಕ್ಕೆ ನನ್ನ ಒಪ್ಪಿಗೆಯೂ ಇದೆ, ಆದರೆ ಸಂಗತಿಯನ್ನು ಕಳೆದುಕೊಳ್ಳಬೇಕಾಗಿಲ್ಲ. ಪಠ್ಯವು "ತಲೆಹಾಕಲಿಲ್ಲ" ಎಂಬಲ್ಲಿಗೆ ಮುಗಿಯಲಿ. ಅದೇ ಪುಟದ ಮೇಲಿನ ಮೂಲೆಯಲ್ಲಿ, ಮೂವರ ಬೆನ್ನ ಹಿಂದೆ, ಅಂಗೈಯಗಲದ ಒಂದು ಕಪ್ಪು ಮೋಡವನ್ನು ಬರೆಯಿಸಿರಿ. ಅಲ್ಲಿ ಬೇರೆ ಅಕ್ಷರ ಯಾವುದೂ ಬರದಂತೆ ಮುದ್ರಣದವರಿಗೆ ಮೊದಲೇ ಗುರುತು ಹಾಕಿ ಕೊಡಿರಿ. ಪುಟಸಂಖ್ಯೆಯನ್ನು ಅದರ ಮೇಲೆಯೇ ಕೂರಿಸಿಬಿಡುವ ಅಪಾಯವಿರುತ್ತದೆ.